ಹಾರಲಾರದವನ ಧೈರ್ಯ

ಮಕ್ಕಳು ಕೇಳುವ ಕೆಲವು ಪ್ರಶ್ನೆಗಳಿಗೆ ಕೂಡಲೇ ಉತ್ತರಿಸಿಬಿಡುವುದು ಅಪಾಯ. ಆ ಉತ್ತರ ನಮ್ಮ ಬಾಯಿಂದ ಬಂದಿರುತ್ತದೆಯೇ ಹೊರತು ಮನಸ್ಸಿನಿಂದ ಬಂದಿರುವುದಿಲ್ಲ. ಅಂಥ ಒಂದು ಪ್ರಶ್ನೆಯನ್ನು ನನ್ನ ತಂಗಿಯ ಮೊಮ್ಮಗ ಒಂದು ಸಂಜೆ ನನ್ನ ಮುಂದಿಟ್ಟ. ಅದಕ್ಕೆ ಉತ್ತರ ಹುಡುಕುತ್ತಾ ನಾನು ಒಂದು ತಿಂಗಳು ಕಾಲ, ಈ ವಯಸ್ಸಿನಲ್ಲಿ, ಸೂಪರ್ ಹೀರೋಗಳ ಕಾಮಿಕ್ಸ್ ಪುಸ್ತಕಗಳನ್ನು ಓದಬೇಕಾಯಿತು. ಆ ಓದಿನಿಂದ ನನಗೆ ತೋಚಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿರುವ ಹೆಬ್ಬೂರು ನಮ್ಮ ಊರು. ಸುತ್ತಮುತ್ತ ತೆಂಗು, ಅಡಿಕೆ, ರಾಗಿಯ ಬೇಸಾಯ. 2014ರಲ್ಲಿ ಸರ್ಕಾರದ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಾಡಿನ ಅನೇಕ ಹೊಲಗಳಲ್ಲಿ ಕೃಷಿಹೊಂಡಗಳಾಗಿವೆ. ನೀರು ಇಂಗದಿರಲೆಂದು ಅವುಗಳ ತಳಕ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಹೊಲಕ್ಕೆ ಅದು ವರದಾನ. ಆದರೆ ಕಾಲು ಜಾರಿ ಬಿದ್ದವನಿಗೆ ಆ ನುಣುಪಾದ ಹಾಳೆಯ ಮೇಲೆ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ನಮ್ಮ ಹುಡುಗ ಮತ್ತು ಅವನ ಇಬ್ಬರು ಗೆಳೆಯರು ಅಂಥ ಒಂದು ಹೊಂಡದ ಬಳಿ ಚೆಂಡಾಡುತ್ತಿದ್ದರು. ಚೆಂಡು ನೀರಿಗೆ ಬಿತ್ತು; ಅದನ್ನು ತೆಗೆಯಹೋದ ಹುಡುಗ ಜಾರಿದ. ನಮ್ಮವನಿಗೆ ಈಜು ಬಾರದು. ಅವನು ಕ್ಷಣಕಾಲ ಕಲ್ಲಿನಂತೆ ನಿಂತ. ಬಳಿಕ ತಿರುಗಿ, ಕಿರುಚಿಕೊಂಡು, ಪಂಪ್‌ಸೆಟ್ ಮನೆಯ ಕಡೆಗೆ ಓಡಿದ. ಅಲ್ಲಿ ಪೈಪು ಸರಿಪಡಿಸುತ್ತಿದ್ದ ಇಬ್ಬರು ಕೂಲಿಯಾಳುಗಳು ಹಗ್ಗ ಹಿಡಿದು ಓಡಿಬಂದರು. ಬಿದ್ದ ಹುಡುಗ ನೀರು ಕುಡಿದು ಬಸವಳಿದಿದ್ದರೂ ಬದುಕಿದ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು, ಮುಗಿಯಲಿಲ್ಲ. ಜೊತೆಯ ಹುಡುಗರು ಯಾರೋ ‘ಇವನು ಹೆದರಿ ಓಡಿಹೋದ’ ಎಂದು ಹಬ್ಬಿಸಿದರು. ಅದಕ್ಕಿಂತ ಹೆಚ್ಚಾಗಿ, ಹಾಗೆಂದು ಅವನೇ ನಂಬಿಬಿಟ್ಟ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನ ಅಣ್ಣ ತಂದುಕೊಡುತ್ತಿದ್ದ ಕಾಮಿಕ್ಸ್ ಪುಸ್ತಕಗಳ ಕಟ್ಟನ್ನು ಅಟ್ಟಕ್ಕೆ ಎಸೆದ. ನಾನು ವಿಚಾರಿಸಿದಾಗ ತಲೆ ತಗ್ಗಿಸಿಕೊಂಡು ಹೇಳಿದ:

“ತಾತ, ಅವರೆಲ್ಲ ಹಾರಿ ಹೋಗಿ ಕಾಪಾಡ್ತಾರೆ. ನಾನು ಓಡಿ ಹೋದೆ. ಶಕ್ತಿನೇ ಇಲ್ಲದೆ ಇದ್ರೆ ಒಳ್ಳೆಯವನಾಗಿ ಏನು ಪ್ರಯೋಜನ?”

ಇದು ಹದಿಮೂರು ವರ್ಷದ ಹುಡುಗನ ಪ್ರಶ್ನೆ ಮಾತ್ರವೇ? ಒಮ್ಮೆ ಯೋಚಿಸಿ ನೋಡಿ. ಲಂಚ ಕೇಳುವ ಮೇಜಿನ ಮುಂದೆ ನಿಂತಾಗ, ಪಕ್ಕದ ಮನೆಯಲ್ಲಿ ಹೆಂಗಸೊಬ್ಬಳಿಗೆ ಹೊಡೆತ ಬೀಳುವ ಸದ್ದು ಕೇಳಿದಾಗ, ‘ನನ್ನಲ್ಲಿ ಶಕ್ತಿಯಿಲ್ಲ, ನಾನೇನು ಮಾಡಬಲ್ಲೆ’ ಎಂದು ನಾವೂ ಹೇಳಿಕೊಂಡಿಲ್ಲವೇ? ಒಳ್ಳೆಯತನಕ್ಕೆ ಶಕ್ತಿ ಮೊದಲ ಅರ್ಹತೆಯೇ ಎಂಬುದೇ ಇಲ್ಲಿರುವ ಪ್ರಶ್ನೆ.

ನನ್ನ ಕಾಲದ ಮುಸುಕುಧಾರಿ

ಅಟ್ಟದಿಂದ ಆ ಕಟ್ಟನ್ನು ಇಳಿಸುವ ಮುನ್ನ ನನ್ನ ಬಾಲ್ಯದ ನಾಯಕನನ್ನು ನೆನೆಯಬೇಕು. ನನ್ನ ವಯಸ್ಸಿನ ಓದುಗರಿಗೆ ಫ್ಯಾಂಟಮ್ ಯಾರೆಂದು ಹೇಳಬೇಕಾಗಿಲ್ಲ. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಮುಸುಕುಧಾರಿ 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಭಾರತದ ಮನೆಮನೆಗೆ ಬಂದ. ಆ ಮಾಲೆ ಕನ್ನಡದಲ್ಲಿಯೂ ಬರುತ್ತಿತ್ತು. ‘ಸುಧಾ’ ವಾರಪತ್ರಿಕೆ ಕೈಗೆ ಬಂದ ಕೂಡಲೇ ನಾವು ಮೊದಲು ತೆರೆಯುತ್ತಿದ್ದುದು ಅವನ ಪುಟವನ್ನೇ. ಇಂದ್ರಜಾಲ ಮಾಲೆ ಆರಂಭವಾದಾಗ ಅದರ ಪ್ರಕಾಶನ ಸಂಸ್ಥೆಯಲ್ಲಿ ದುಡಿಯುತ್ತಿದ್ದ ನಮ್ಮ ಕಾರ್ಕಳದ ಅನಂತ ಪೈ ಅವರೇ ಮುಂದೆ ‘ಅಮರ ಚಿತ್ರಕಥಾ’ದ ಮೂಲಕ ದೇಶದ ಮಕ್ಕಳಿಗೆಲ್ಲ ‘ಅಂಕಲ್ ಪೈ’ ಆದರು. ನನ್ನ ಮಕ್ಕಳ ಕಾಲಕ್ಕೆ ‘ಬಾಲಮಂಗಳ’ದ ಡಿಂಗ ಬಂದ. ಮಲಯಾಳದಲ್ಲಿ 1983ರಲ್ಲಿ ಹುಟ್ಟಿ ಕನ್ನಡಕ್ಕೆ ಬಂದ ಈ ಬಲಶಾಲಿ ಇಲಿಮರಿಯನ್ನು ನೆನೆದರೆ ಇಂದಿಗೂ ನಗು ಬರುತ್ತದೆ.

ಈಗ ಮರಳಿ ಓದಿದಾಗ ಫ್ಯಾಂಟಮ್ ಕಥೆಗಳಲ್ಲಿ ಮುಜುಗರ ತರುವ ಅಂಶಗಳೂ ಕಾಣುತ್ತವೆ. ಕಪ್ಪು ಜನರ ಕಾಡಿಗೆ ಬಿಳಿಯನೊಬ್ಬ ತಲೆತಲಾಂತರದಿಂದ ಕಾವಲುಗಾರನಾಗಿದ್ದಾನೆ. ಅಲ್ಲಿಯ ಜನರಿಗೆ ತಮ್ಮ ನ್ಯಾಯವನ್ನು ತಾವೇ ನೋಡಿಕೊಳ್ಳುವ ಯೋಗ್ಯತೆಯಿಲ್ಲವೆಂಬ ಭಾವನೆ ಅದರ ತಳದಲ್ಲಿದೆ. ಭಾರತದ ಸಂಪಾದಕರಿಗೂ ಕೆಲವೆಡೆ ಇರಿಸುಮುರುಸಾಗಿರಬೇಕು. ಮೂಲದ ‘ಬಂಗಾಲಾ’ ಇಲ್ಲಿ ‘ಡೆಂಕಾಲಿ’ಯಾಯಿತು, ‘ಸಿಂಗ್’ ಎಂಬ ಕಡಲ್ಗಳ್ಳರು ‘ಸಿಂಗಾ’ ಆದರು. ಹೆಸರು ಬದಲಾಯಿತು, ದೃಷ್ಟಿ ಬದಲಾಗಲಿಲ್ಲ.

ಆದರೆ ಬಾಲ್ಯದಲ್ಲಿ ನನಗೆ ಹೊಳೆಯದಿದ್ದ ಇನ್ನೊಂದು ಸಂಗತಿ ಈಗ ಹೊಳೆಯಿತು. ಫ್ಯಾಂಟಮನಿಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಗುಂಡು ತಗುಲಿದರೆ ರಕ್ತ ಸುರಿಯುತ್ತದೆ. ನಾನೂರು ವರ್ಷಗಳಿಂದ ಅವನಿಗೆ ಸಾವಿಲ್ಲವೆಂದು ಕಾಡಿನ ಜನ ನಂಬುತ್ತಾರೆ, ‘ನಡೆದಾಡುವ ಭೂತ’ ಎನ್ನುತ್ತಾರೆ. ಗುಟ್ಟೇನೆಂದರೆ ಅವನು ಒಬ್ಬನಲ್ಲ, ಇಪ್ಪತ್ತೊಂದನೆಯವನು. ತಂದೆ ಸಾಯುತ್ತಾನೆ, ಮಗ ಅವನನ್ನು ಸಮಾಧಿ ಮಾಡಿ ಅದೇ ಮುಸುಕು ಧರಿಸಿ ಅದೇ ಕೆಲಸವನ್ನು ಮುಂದುವರಿಸುತ್ತಾನೆ. ಅಂದರೆ ಆ ಅಮರತ್ವವು ಸಾಯುವ ಮನುಷ್ಯರ ಒಂದು ಸಾಲು. ಕೆಲಸ ಸಾಯದಿರುವುದು ಅದನ್ನು ಹೊತ್ತವನು ಬಲಶಾಲಿಯಾದುದರಿಂದ ಅಲ್ಲ. ಅವನ ಕೈಯಿಂದ ಅದನ್ನು ಇಸಿದುಕೊಳ್ಳಲು ಇನ್ನೊಬ್ಬನಿರುವುದರಿಂದ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಉಂಗುರದ ಪರೀಕ್ಷೆ

ಶಕ್ತಿ ಬಂದರೆ ಮನುಷ್ಯ ಒಳ್ಳೆಯವನಾಗುತ್ತಾನೆಯೇ? ಇದು ಹಳೆಯ ಪ್ರಶ್ನೆ. ಗ್ರೀಸಿನ ದಾರ್ಶನಿಕ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಲಿಡಿಯ ದೇಶದ ಕುರುಬನೊಬ್ಬನ ಕಥೆ ಹೇಳಿಸುತ್ತಾನೆ. ಧರಿಸಿದವನನ್ನು ಕಣ್ಣಿಗೆ ಕಾಣದಂತೆ ಮಾಡುವ ಉಂಗುರವೊಂದು ಆ ಕುರುಬನಿಗೆ ಸಿಗುತ್ತದೆ. ಅವನು ಮಾಡುವುದೇನು? ಅರಮನೆ ಹೊಕ್ಕು ರಾಣಿಯನ್ನು ವಶಪಡಿಸಿಕೊಂಡು, ರಾಜನನ್ನು ಕೊಂದು, ಸಿಂಹಾಸನವೇರುತ್ತಾನೆ. ಅಂಥ ಉಂಗುರ ಕೈಗೆ ಬಂದ ಮೇಲೂ ನ್ಯಾಯವಂತನಾಗಿ ಉಳಿಯುವವನು ಯಾರು ಎಂಬುದು ಅಲ್ಲಿ ಎದ್ದು ನಿಲ್ಲುವ ಸವಾಲು.

ಕಾಮಿಕ್ಸ್ ಜಗತ್ತಿನ ಮೊದಲಿಗರು ಈ ಸವಾಲನ್ನು ಬಲ್ಲವರಾಗಿದ್ದರು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ಯೆಹೂದಿ ತರುಣರು ‘ಸೂಪರ್‌ಮ್ಯಾನ್’ ಎಂಬ ಹೆಸರನ್ನು ಮೊದಲು ಬಳಸಿದ್ದು 1933ರಲ್ಲಿ. ಆ ಕಥೆಯಲ್ಲಿ ಸೂಪರ್‌ಮ್ಯಾನ್ ನಾಯಕನಲ್ಲ, ದುಷ್ಟ! ಇತರರ ಮನಸ್ಸನ್ನು ಓದುವ ಶಕ್ತಿ ದೊರೆತೊಡನೆ ಜಗತ್ತನ್ನೇ ಆಳಹೊರಟ ಮನುಷ್ಯ. 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಅದೇ ಹೆಸರಿನ ಪಾತ್ರ ಒಳ್ಳೆಯವನಾಗಿ ಮರುಹುಟ್ಟು ಪಡೆಯಿತು. ಶಕ್ತಿ ಎರಡರಲ್ಲಿಯೂ ಇತ್ತು. ಬದಲಾದದ್ದು ಶಕ್ತಿಯ ಹಿಂದಿನ ಮನಸ್ಸು.

ಆ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಏನು ಮಾಡಿದನೆಂಬುದನ್ನೂ ಗಮನಿಸಿ. ಗ್ರಹಗಳನ್ನು ತಳ್ಳಲಿಲ್ಲ. ತಪ್ಪಿಲ್ಲದೆ ಮರಣದಂಡನೆಗೆ ಗುರಿಯಾದ ಹೆಂಗಸನ್ನು ಉಳಿಸಿದ. ಹೆಂಡತಿಯನ್ನು ಹೊಡೆಯುವವನನ್ನು ತಡೆದ. ಭ್ರಷ್ಟ ರಾಜಕಾರಣಿಯ ಬೆನ್ನುಹತ್ತಿದ. ಅವನಿಗಾಗ ಹಾರಲೂ ಬರುತ್ತಿರಲಿಲ್ಲ, ದೂರಕ್ಕೆ ಜಿಗಿಯುತ್ತಿದ್ದನಷ್ಟೆ. ಅವನು ಎದುರಿಸಿದ ಅನ್ಯಾಯಗಳೆಲ್ಲ ನಮ್ಮ ನಿಮ್ಮ ಬೀದಿಯವು.

ಗಾಯವಾಗದವನ ಸಮಸ್ಯೆ

ವರ್ಷಗಳು ಉರುಳಿದಂತೆ ಸೂಪರ್‌ಮ್ಯಾನ್ ಹಾರತೊಡಗಿದ. ಅವನ ಬಲಕ್ಕೆ ಎಲ್ಲೆಯೇ ಇಲ್ಲದಂತಾಯಿತು. ಆಗ ಬರಹಗಾರರಿಗೆ ಹೊಸ ತೊಂದರೆ ಎದುರಾಯಿತು. ಗುಂಡು ತಾಕದವನು ಗುಂಡಿನ ಮುಂದೆ ನಿಂತರೆ ಅದರಲ್ಲೇನು ಧೈರ್ಯ? ಮುಳುಗದವನು ನೀರಿಗೆ ಹಾರಿದರೆ ಅದರಲ್ಲೇನು ತ್ಯಾಗ? ಕೊನೆಗೆ ಅವನ ಬಲವನ್ನು ಕುಂದಿಸುವ ‘ಕ್ರಿಪ್ಟೊನೈಟ್’ ಎಂಬ ಕಲ್ಲನ್ನು ಕಲ್ಪಿಸಬೇಕಾಯಿತು. ಅದು 1943ರಲ್ಲಿ ರೇಡಿಯೋ ನಾಟಕದಲ್ಲಿ ಬಂದು, 1949ರಲ್ಲಿ ಕಾಮಿಕ್ಸ್ ಪುಟಕ್ಕೂ ಬಂತು. ನಾಯಕನನ್ನು ನಾಯಕನನ್ನಾಗಿ ಉಳಿಸಲು ಅವನಿಗೊಂದು ದೌರ್ಬಲ್ಯವನ್ನು ದಾನ ಮಾಡಬೇಕಾಯಿತು! ನನ್ನ ಮೊಮ್ಮಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಧೈರ್ಯವೆಂಬುದು ಹೆದರಿಕೆ ಇರುವವನಿಗೆ ಮಾತ್ರ ಸಾಧ್ಯವಾದ ಗುಣ. ಹೊಂಡದ ದಡದಲ್ಲಿ ಕ್ಷಣಕಾಲ ಕಲ್ಲಾಗಿ ನಿಂತ ಹುಡುಗನಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಇತ್ತು. ಆಕಾಶದಲ್ಲಿ ಹಾರುವವನಲ್ಲಿ ಇಲ್ಲ.

ಸಾವಿನ ವಿಷಯದಲ್ಲಿಯೂ ಹೀಗೆಯೇ. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸತ್ತನೆಂದು ಪ್ರಕಾಶಕರು ಪ್ರಕಟಿಸಿದಾಗ ಜನ ಸಾಲುಗಟ್ಟಿ ನಿಂತು, ಕಪ್ಪು ಚೀಲದಲ್ಲಿ ಮುಚ್ಚಿಟ್ಟ ಆ ಸಂಚಿಕೆಯನ್ನು ಕೊಂಡರು. ಮರುವರ್ಷವೇ ಅವನು ಮರಳಿ ಬಂದ. 2007ರಲ್ಲಿ ಕ್ಯಾಪ್ಟನ್ ಅಮೆರಿಕ ಗುಂಡೇಟಿಗೆ ಬಲಿಯಾದ. 2009ರಲ್ಲಿ ಅವನೂ ಬಂದ. ಈಗ ಯಾವ ನಾಯಕ ಸತ್ತರೂ ಓದುಗರು ಕಣ್ಣೀರಿಡುವುದಿಲ್ಲ; ಎಂದು ಬರುತ್ತಾನೆಂದು ದಿನ ಎಣಿಸುತ್ತಾರೆ. ಮಾರಾಟಕ್ಕಾಗಿ ಬರುವ ಸಾವು ಬಲಿದಾನದ ತೂಕವನ್ನೇ ಕಳೆದುಬಿಡುತ್ತದೆ. ಹೊಂಡದಲ್ಲಿ ಮುಳುಗುತ್ತಿದ್ದ ಹುಡುಗನಿಗೆ ಮುಂದಿನ ಸಂಚಿಕೆ ಇರಲಿಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳದೆ ಇಂಥ ಪುಸ್ತಕಗಳನ್ನು ಅವರ ಕೈಗೆ ಕೊಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ.

ಮರುಭೂಮಿಯಲ್ಲಿ ಹಸಿದು ಕುಳಿತಿದ್ದ ಯೇಸುವಿನ ಮುಂದೆ ಬಂದ ಶೋಧನೆಗಳು ಯಾವುವೆಂದು ಈ ಪತ್ರಿಕೆಯ ಓದುಗರು ಬಲ್ಲರು. ಕಲ್ಲನ್ನು ರೊಟ್ಟಿಯಾಗಿಸುವುದು, ದೇವಾಲಯದ ಶಿಖರದಿಂದ ಧುಮುಕಿ ಗಾಯವಾಗದೆ ನಿಲ್ಲುವುದು! ಇಂದಿನ ಮಾತಿನಲ್ಲಿ ಹೇಳುವುದಾದರೆ, ಸೂಪರ್ ಹೀರೋ ಆಗುವ ಆಹ್ವಾನ. ಅದನ್ನು ಒಪ್ಪದಿರುವುದರಲ್ಲಿಯೇ ಆ ಕಥೆಯ ಬಲವಿದೆ.

ಇತ್ತೀಚಿನ ಸಂಚಿಕೆಗಳು

ಅಟ್ಟದಿಂದಿಳಿದ ಕಟ್ಟಿನಲ್ಲಿ ತೀರ ಈಚಿನ ಸಂಚಿಕೆಗಳಿದ್ದವು. ಅವುಗಳಲ್ಲಿ ‘ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಸ್ಕಾಟ್ ಸ್ನೈಡರ್ ಬರೆದು, ನಿಕ್ ಡ್ರಗೋಟಾ ಚಿತ್ರ ಬರೆದು, 2024ರ ಅಕ್ಟೋಬರಿನಲ್ಲಿ ಆರಂಭವಾದ ಮಾಲೆ. ಬ್ಯಾಟ್‌ಮ್ಯಾನನಿಗೆ ಅತಿಮಾನುಷ ಶಕ್ತಿಯಿಲ್ಲ, ನಿಜ. ಆದರೆ ಎಣಿಸಲಾಗದಷ್ಟು ಹಣವಿದೆ. ಹಣವೂ ಒಂದು ಅತಿಮಾನುಷ ಶಕ್ತಿಯೇ ಅಲ್ಲವೇ? ಈ ಹೊಸ ಮಾಲೆಯಲ್ಲಿ ಅದನ್ನು ಕಿತ್ತುಕೊಂಡಿದ್ದಾರೆ. ಇಲ್ಲಿ ಅವನು ಶಾಲಾಮಾಸ್ತರನ ಮಗ, ಎಂಜಿನಿಯರ್, ತಾಯಿ ಬದುಕಿದ್ದಾಳೆ, ಅರಮನೆಯಿಲ್ಲ. ಸಿರಿವಂತಿಕೆ ಇಲ್ಲದಿದ್ದರೂ ಇವನು ಅನ್ಯಾಯದ ವಿರುದ್ಧ ನಿಲ್ಲುತ್ತಿದ್ದನೇ ಎಂಬುದು ಅತ್ಯಂತ ಒಳ್ಳೆಯ ಪ್ರಶ್ನೆ. ಪುಟ ತಿರುಗಿಸುತ್ತಾ ಹೋದಂತೆ ನನಗೆ ನಿರಾಸೆಯಾಯಿತು. ಹಣ ಹೋದ ಜಾಗಕ್ಕೆ ಬೆಟ್ಟದಂಥ ಮೈ ಬಂದಿದೆ. ಎದೆಯ ಮೇಲಿನ ಬಾವಲಿಯ ಲಾಂಛನವೇ ಕೊಡಲಿಯಾಗುತ್ತದೆ. ಒಂದು ಶಕ್ತಿಯನ್ನು ಕಳಚಿ ಇನ್ನೊಂದನ್ನು ತೊಡಿಸಿದ್ದಾರೆ. ಪ್ರಶ್ನೆ ಕೇಳಿದವರು ಉತ್ತರಕ್ಕೆ ಹೆದರಿದಂತಿದೆ. ಹಿಂಸೆಯ ಚಿತ್ರಗಳಂತೂ ಎಂಟನೆಯ ತರಗತಿಯ ಹುಡುಗನಿಗೆ ತಕ್ಕವಲ್ಲ.

ಜೇಸನ್ ಆರನ್ ಬರೆದ ‘ಆಬ್ಸಲ್ಯೂಟ್ ಸೂಪರ್‌ಮ್ಯಾನ್’ 2024ರ ನವೆಂಬರಿನಲ್ಲಿ ಬಂತು. ಅದರಲ್ಲಿ ಸೂಪರ್‌ಮ್ಯಾನ್ ದುಡಿಯುವ ವರ್ಗದಲ್ಲಿ ಹುಟ್ಟಿದವನು. ಭೂಮಿಗೆ ಬಂದ ಮೇಲೆ ಗಣಿಯಲ್ಲಿ ಬೆವರು ಸುರಿಸುವವರ ಪಕ್ಕದಲ್ಲಿ ನಿಲ್ಲುತ್ತಾನೆ. 1938ರ ಆ ಮೊದಲ ಸಂಚಿಕೆಯ ನೆನಪು ಬರುವುದರಿಂದ ಇದು ನನಗೆ ಹೆಚ್ಚು ಹಿಡಿಸಿತು. ಆದರೂ ಒಂದು ಕೊರತೆ ಇದೆ. ಕಾರ್ಮಿಕರು ತಾವೇ ಒಟ್ಟಾಗಿ ಏನನ್ನಾದರೂ ಸಾಧಿಸಬಹುದೆಂಬ ಭರವಸೆ ಆಕಾಶದಿಂದ ಬಂದವನ ಹೆಗಲಿನ ಮರೆಯಲ್ಲಿ ಮಸುಕಾಗುತ್ತದೆ.

ಆ ಕಟ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನಮ್ಮವರೇ ರೂಪಿಸಿದ ಒಂದು ಪುಸ್ತಕ. 2004ರಲ್ಲಿ ಬೆಂಗಳೂರಿನ ಚಿತ್ರಕಾರ ಜೀವನ್ ಕಾಂಗ್ ಅವರು ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಅವರೊಡನೆ ಸೇರಿ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಎಂಬ ನಾಲ್ಕು ಸಂಚಿಕೆಗಳ ಕಥೆಯನ್ನು ತಂದರು. ನಾಯಕ ಮುಂಬಯಿಯ ಪವಿತ್ರ್ ಪ್ರಭಾಕರ್, ಧೋತಿ ಉಟ್ಟ ಬಡ ಹುಡುಗ. ಅವನಿಗೆ ಶಕ್ತಿ ಬರುವುದು ಜೇಡ ಕಚ್ಚಿ ಅಲ್ಲ, ಯೋಗಿಯೊಬ್ಬನಿಂದ. 2023ರಲ್ಲಿ ಈ ಪಾತ್ರ ಹಾಲಿವುಡ್ಡಿನ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ಕಾಣಿಸಿಕೊಂಡಿತು. ಆ ಚಿತ್ರ ಕನ್ನಡದಲ್ಲಿಯೂ ತೆರೆಗೆ ಬಂತು. ಅದೇ ವರ್ಷ ನಿಕೇಶ್ ಶುಕ್ಲಾ ಬರೆದ ಹೊಸ ಸಂಚಿಕೆಗಳೂ ಹೊರಬಂದವು.

ಸ್ಪೈಡರ್‌ಮ್ಯಾನನ ಮೂಲಕಥೆ ಬಂದದ್ದು 1962ರಲ್ಲಿ. ಶಕ್ತಿ ಮತ್ತು ಹೊಣೆಗಾರಿಕೆ ಜೋಡೆತ್ತುಗಳಂತೆ ಜೊತೆಯಾಗಿ ನಡೆಯಬೇಕೆಂಬುದು ಅದರ ನೀತಿಯೆಂದು ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಬೇರೆ. ಹೊಸದಾಗಿ ಶಕ್ತಿ ಪಡೆದ ಪೀಟರ್ ಪಾರ್ಕರ್ ತನ್ನೆದುರೇ ಓಡಿಹೋಗುತ್ತಿದ್ದ ಕಳ್ಳನನ್ನು ‘ನನಗೇಕೆ’ ಎಂದು ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಮುಂದೆ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಯೋಚಿಸಿ: ಆ ಕಳ್ಳನನ್ನು ತಡೆಯಲು ಜೇಡನ ಶಕ್ತಿ ಬೇಕಿತ್ತೇ? ಅಡ್ಡಗಾಲು ಹಾಕಿದ್ದರೆ ಸಾಕಿತ್ತು. ‘ಹಿಡಿಯಿರಿ’ ಎಂದು ಕೂಗಿದ್ದರೂ ಸಾಕಿತ್ತು. ಅವನ ತಪ್ಪು ಮಹಾಶಕ್ತಿಯನ್ನು ಬಳಸದಿದ್ದುದಲ್ಲ, ಸಾಮಾನ್ಯ ಮನುಷ್ಯನೂ ಮಾಡಬಹುದಾಗಿದ್ದನ್ನು ಮಾಡದಿದ್ದುದು.

ನಮ್ಮ ಬೆಂಗಳೂರಿನ ಪುಸ್ತಕ ಇದನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ದುರುಳರ ಕೈಗೆ ಸಿಕ್ಕ ಹೆಂಗಸೊಬ್ಬಳಿಗೆ ನೆರವಾಗದೆ ಶಕ್ತಿವಂತನಾದ ಪವಿತ್ರ್ ದೂರ ಸರಿಯುತ್ತಾನೆ. ಯಾವ ಶಕ್ತಿಯೂ ಇಲ್ಲದ ಅವನ ಚಿಕ್ಕಪ್ಪ ಭೀಮ್ ಮುಂದೆ ಬರುತ್ತಾನೆ, ಕೊಲೆಯಾಗುತ್ತಾನೆ. ಆ ಪುಸ್ತಕದ ಮುಖಪುಟದಲ್ಲಿ ಇರುವವನು ಪವಿತ್ರ್. ಆದರೆ ಅದರ ನಿಜವಾದ ನಾಯಕ ಯಾರು? ಬಲೆ ನೇಯಲಾರದ, ಗೋಡೆ ಹತ್ತಲಾರದ, ಮರಳಿ ಬಾರದ ಆ ಚಿಕ್ಕಪ್ಪನೇ ಎಂದು ನಾನು ಹೇಳುತ್ತೇನೆ. ಮಿಕ್ಕ ಸಂಚಿಕೆಗಳಲ್ಲಿ ಪವಿತ್ರ್ ಮಾಡುವುದೆಲ್ಲ ಆ ಒಬ್ಬ ಸಾಮಾನ್ಯ ಮನುಷ್ಯನಿಗೆ ಸರಿಸಾಟಿಯಾಗುವ ಪ್ರಯತ್ನವಷ್ಟೆ.

ಇನ್ನೊಂದು ಪಕ್ಷದ ಮಾತು

ಹಾಗಾದರೆ ಈ ಕಥೆಗಳನ್ನು ತೊರೆದುಬಿಡಬೇಕೇ? ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂದ ‘ಶಕ್ತಿಮಾನ್’ ಧಾರಾವಾಹಿಯ ಕಾಲವನ್ನು ನೆನೆಯಿರಿ. ನಾಯಕ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯ ತಂದುಕೊಂಡರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಆ ಪಾತ್ರ ವಹಿಸಿದ ಮುಕೇಶ್ ಖನ್ನಾ ಅವರೇ ಹಾಗೆ ಮಾಡಬೇಡಿರೆಂದು ಮಕ್ಕಳಿಗೆ ಹೇಳಬೇಕಾಯಿತು. ಆ ಭಯ ಸುಳ್ಳಲ್ಲ.

ಆದರೂ ನಾನು ಆ ಕಟ್ಟನ್ನು ಒಲೆಗೆ ಹಾಕಲು ಹೇಳಲಾರೆ. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಇನ್ನೂ ಹದಿಹರೆಯದವನಾಗಿದ್ದಾಗ, 1932ರಲ್ಲಿ, ಬಟ್ಟೆ ಅಂಗಡಿ ಇಟ್ಟಿದ್ದ ಅವನ ತಂದೆ ಅಂಗಡಿಯ ಕಳ್ಳತನದ ಸಂದರ್ಭದಲ್ಲಿ ಹೃದಯ ನಿಂತು ತೀರಿಕೊಂಡರು. ಅದಾದ ಕೆಲವೇ ವರ್ಷಗಳಲ್ಲಿ ಆ ಹುಡುಗನ ಲೇಖನಿಯಿಂದ ಗುಂಡು ತಾಕದ, ಕಳ್ಳರನ್ನು ಎತ್ತಿ ಎಸೆಯುವ ಒಬ್ಬ ಮನುಷ್ಯ ಹುಟ್ಟಿದ. ಎರಡಕ್ಕೂ ಇರುವ ನಂಟನ್ನು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ತಂದೆಯನ್ನು ಉಳಿಸಿಕೊಳ್ಳಲಾಗದ ಮಗನ ಸಂಕಟ ಹೇಗಿರುತ್ತದೆಂದು ನಾವು ಬಲ್ಲೆವು. ಈ ಕಥೆಗಳು ಬಲವಂತರ ಜಂಬದಿಂದ ಹುಟ್ಟಿದವಲ್ಲ, ಬಲಹೀನರ ದುಃಖದಿಂದ ಹುಟ್ಟಿದವು. ಆ ಇಬ್ಬರು ತರುಣರು ಸೂಪರ್‌ಮ್ಯಾನನ ಹಕ್ಕನ್ನು ಮಾರಿದ್ದು 130 ಡಾಲರಿಗೆ. ಪ್ರಕಾಶಕರು ಕೋಟಿಗಟ್ಟಲೆ ಗಳಿಸಿದರೂ ಇವರಿಗೆ ವಾರ್ಷಿಕ ಪಿಂಚಣಿ ಮತ್ತು ಪುಟದ ಮೇಲೆ ತಮ್ಮ ಹೆಸರು ಮರಳಿ ದೊರೆತದ್ದು 1975ರಲ್ಲಿ, ಮುಪ್ಪಿನ ಅಂಚಿನಲ್ಲಿ. ಜಗತ್ತಿನ ಅತ್ಯಂತ ಬಲಶಾಲಿ ಪಾತ್ರದ ಜನಕರನ್ನು ಕಾಪಾಡಲು ಆಕಾಶದಿಂದ ಯಾರೂ ಇಳಿದು ಬರಲಿಲ್ಲ. ಅವರ ಪರವಾಗಿ ಮಾತಾಡಿದ, ಬರೆದ ಸಾಮಾನ್ಯ ಮನುಷ್ಯರಿಂದಲೇ ಅಷ್ಟಾದರೂ ನ್ಯಾಯ ಸಿಕ್ಕಿತು.

ದೊಡ್ಡವರ ಲೋಕದಲ್ಲಿ ಮಗು ಯಾವಾಗಲೂ ಬಲಹೀನ. ‘ನಾನು ಬಲಶಾಲಿಯಾಗಿದ್ದರೆ ಇದನ್ನು ಸರಿಪಡಿಸುತ್ತಿದ್ದೆ’ ಎಂದು ಅದು ಕನಸು ಕಾಣುವುದು ಒಳ್ಳೆಯ ಮನಸ್ಸಿನ ಗುರುತು. ಆ ಕನಸನ್ನು ಕಸಿಯಬಾರದು. ‘ಬಲಶಾಲಿಯಾಗುವ ತನಕ ನನ್ನಿಂದೇನೂ ಆಗದು’ ಎಂಬ ತೀರ್ಮಾನಕ್ಕೆ ಅದು ಹೋಗದಂತೆ ಮಾತ್ರ ನೋಡಿಕೊಳ್ಳಬೇಕು.

ನಮ್ಮ ಸೀಮೆಯ ಸಾಕ್ಷಿಗಳು

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೂಲಿ ಮಾಡಿ ಬದುಕಿದವರು; ಮಕ್ಕಳಿಲ್ಲವೆಂಬ ಕೊರಗನ್ನು ಹೊತ್ತವರು. ಕುಣಿಗಲ್ ಸೀಮೆಗೆ ಹೊಂದಿಕೊಂಡಿರುವ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯಲ್ಲಿ ಅವರೂ ಪತಿ ಚಿಕ್ಕಯ್ಯನವರೂ ಆಲದ ಸಸಿಗಳನ್ನು ನೆಟ್ಟು, ಬೇಸಿಗೆಯಲ್ಲಿ ಬಿಂದಿಗೆಗಳಲ್ಲಿ ನೀರು ಹೊತ್ತು ಹುಯ್ದು, ದನಕರು ತಿನ್ನದಂತೆ ಮುಳ್ಳುಬೇಲಿ ಕಟ್ಟಿ ಬೆಳೆಸಿದರು. ಹಾಗೆ ಬೆಳೆದು ನಿಂತ ಮರಗಳು 385 ಎಂಬುದು ಪ್ರಸಿದ್ಧ ಲೆಕ್ಕ. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲಿಸಲು ಆ ಮರಗಳಿಗೆ ಕುತ್ತು ಬಂದಾಗ ಅವರು ಮುಖ್ಯಮಂತ್ರಿಗಳ ಬಳಿಗೆ ಹೋಗಿ ಬೇಡಿಕೊಂಡರು. 2025ರ ನವೆಂಬರಿನಲ್ಲಿ ಸಾಲುಮರದ ತಿಮ್ಮಕ್ಕ ತೀರಿಕೊಂಡರು. ಸಾಲುಮರಗಳು ನೆರಳು ನೀಡುತ್ತಿವೆ. ಒಂದು ಬಿಂದಿಗೆ ನೀರನ್ನು ಒಂದು ಸಸಿಗೆ ಹುಯ್ಯುವುದರಲ್ಲಿ ಅತಿಮಾನುಷವಾದುದು ಏನೂ ಇಲ್ಲ. ಆದರೆ ನಾಳೆಯೂ ಹುಯ್ಯುವುದರಲ್ಲಿ, ಮುಂದಿನ ಬೇಸಿಗೆಯೂ ಹುಯ್ಯುವುದರಲ್ಲಿ ಎಂಥ ಬಲವಿದೆ!

ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳನ್ನು ಜನ ‘ನಡೆದಾಡುವ ದೇವರು’ ಎನ್ನುತ್ತಿದ್ದರು. ನನ್ನ ಬಾಲ್ಯದ ‘ನಡೆದಾಡುವ ಭೂತ’ವನ್ನೂ ಇವರನ್ನೂ ಒಟ್ಟಿಗೆ ನೆನೆದದ್ದಕ್ಕೆ ಓದುಗರು ನಗಬಾರದು. ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಸರೆಗಳನ್ನು ದಶಕಗಳ ಕಾಲ ನೀಡಿದ ಆ ಹಿರಿಯರು 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರು ಹೋದ ಮೇಲೂ ಮಠದ ಒಲೆ ಆರಲಿಲ್ಲ. ಏಕೆಂದರೆ ಆ ಒಲೆಯನ್ನು ಒಬ್ಬರೇ ಉರಿಸುತ್ತಿರಲಿಲ್ಲ. ರಾಗಿ ತಂದವರು, ಸೌದೆ ಸೀಳಿದವರು, ಮುದ್ದೆ ತೊಳಸಿದವರು, ಕಾಯಿ ಹೊತ್ತು ತಂದ ಹಳ್ಳಿಯ ರೈತರು, ಹೀಗೆ ಸಾಲು ದೊಡ್ಡದಿತ್ತು. ಫ್ಯಾಂಟಮನ ಗುಟ್ಟು ಇದೇ ಅಲ್ಲವೇ? ಮನುಷ್ಯ ಸಾಯುತ್ತಾನೆ, ಕೈಯಿಂದ ಕೈಗೆ ದಾಟಿದ ಕೆಲಸ ಉಳಿಯುತ್ತದೆ.

ಹುಡುಗನಿಗೆ ಹೇಳಿದ್ದು

ಒಂದು ತಿಂಗಳ ಓದು ಮುಗಿಸಿ ಮೊಮ್ಮಗನನ್ನು ಕರೆದೆ. “ನೋಡು ಮಗಾ, ಆವತ್ತು ನೀನು ನೀರಿಗೆ ಹಾರಿದ್ದಿದ್ದರೆ ಏನಾಗ್ತಿತ್ತು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಬ್ಬರೂ ಹೋಗ್ತಿದ್ವಿ” ಎಂದ.

ಅರಿಸ್ಟಾಟಲ್ ಎಂಬ ದಾರ್ಶನಿಕ ಹೇಳುವಂತೆ ಧೈರ್ಯವು ಹೇಡಿತನಕ್ಕೂ ದುಡುಕಿಗೂ ನಡುವಿನ ಹದ. ಈಜು ಬಾರದವನು ನೀರಿಗೆ ಹಾರುವುದು ದುಡುಕು. ನೋಡಿಯೂ ನೋಡದವನಂತೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಹೇಡಿತನ. ಕಾಲು ನಡುಗುತ್ತಿದ್ದರೂ ಓಡುವುದು, ಕಿರುಚುವುದು, ಹಗ್ಗವಿದ್ದವರನ್ನು ಕರೆತರುವುದು ಧೈರ್ಯ. ನಮ್ಮವನು ಓಡಿದ್ದು ನಿಜ. ಅವನು ಓಡಿದ ದಿಕ್ಕನ್ನು ಯಾರೂ ನೋಡಲಿಲ್ಲ. ಹೆದರಿ ಓಡುವವನು ಅಪಾಯದಿಂದ ದೂರ ಹೋಗಿ ಮರಳುವುದಿಲ್ಲ. ಇವನು ಹಗ್ಗವನ್ನು ಹಿಂದಿಟ್ಟುಕೊಂಡು ಮರಳಿ ಬಂದ.

ಇಷ್ಟನ್ನು ಹೇಳಿ ಇನ್ನೊಂದು ಮಾತನ್ನೂ ಸೇರಿಸಿದೆ. “ಹಗ್ಗ ಎಳೆದವರು ಯಾರು, ಗೊತ್ತೇನಪ್ಪಾ?” ಅವನಿಗೆ ಆ ಇಬ್ಬರ ಹೆಸರೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಊರಿನ ಯಾರೂ ಕೇಳಿರಲಿಲ್ಲ. ಇಬ್ಬರೂ ಹುಡುಕಿಕೊಂಡು ಹೋದೆವು. ಒಬ್ಬರು ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಇನ್ನೊಬ್ಬರು ತೋಟದಲ್ಲಿ ಸಿಕ್ಕರು, “ಅದೇನ್ ದೊಡ್ಡದು ಬಿಡಿ ಸ್ವಾಮಿ, ಈ ಹುಡುಗ ಬಂದು ಹೇಳ್ದೇ ಇದ್ದಿದ್ರೆ ನಮ್ಗೆ ಹೆಂಗೆ ಗೊತ್ತಾಗ್ತಿತ್ತು?” ಎಂದರು. ನಾನು ಒಂದು ತಿಂಗಳು ಓದಿ ಸಿದ್ಧಪಡಿಸಿದ್ದ ಉತ್ತರವನ್ನು ಆ ಮನುಷ್ಯ ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಹುಡುಗನ ಮುಖ ಆವತ್ತು ಅರಳಿತು.

ಪ್ರಿಯ ಓದುಗರೇ, ನಿಮ್ಮ ಮನೆಯ ಮಕ್ಕಳು ಇಂಥ ಪುಸ್ತಕಗಳನ್ನು ಓದುತ್ತಿದ್ದರೆ ಗದರಿಸಬೇಡಿ. ಪಕ್ಕದಲ್ಲಿ ಕುಳಿತು ನೀವೂ ಓದಿ. ಓದಿ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ: ಈ ಕಥೆಯಲ್ಲಿ ಶಕ್ತಿಯಿಲ್ಲದೆಯೂ ಒಳ್ಳೆಯದನ್ನು ಮಾಡಿದವರು ಯಾರು? ನಾಯಕ ಬರುವ ತನಕ ಉಳಿದವರೆಲ್ಲ ಏನು ಮಾಡಬಹುದಿತ್ತು? ಹಾಗೆಯೇ, ಹೊಂಡದ ಸುತ್ತ ಬೇಲಿ ಇದೆಯೇ, ದಡದಲ್ಲಿ ಒಂದು ಹಗ್ಗ ಇದೆಯೇ ಎಂದು ನೋಡಿ ಬನ್ನಿ. ಮಕ್ಕಳಿಗೆ ಈಜು ಕಲಿಸಿ.

ನಮ್ಮ ಹುಡುಗ ಆ ಕಟ್ಟನ್ನು ಮತ್ತೆ ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದಾನೆ. ಈಗ ಈಜಲು ಕಲಿಯುತ್ತಿದ್ದಾನೆ. ಹಾರಲು ಇನ್ನೂ ಬಂದಿಲ್ಲ. ಬರಬೇಕಾದ ಅಗತ್ಯವೂ ಅವನಿಗೆ ಕಾಣುತ್ತಿಲ್ಲ.